ಅಟ್ಟಾಕಸ್ ಟ್ಯಾಪ್ರೊಬಾನಿಸ್

ಅಟ್ಟಾಕಸ್ ಟ್ಯಾಪ್ರೊಬಾನಿಸ್ ಎಂಬುದು ಸ್ಯಾಟರ್ನಿಡೇ ಕುಟುಂಬಕ್ಕೆ ಸೇರಿದ ಬೃಹತ್ ಗಾತ್ರದ ಒಂದು ಪತಂಗ. ಇದು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಕಂಡುಬರುತ್ತದೆ. ತಸರ್ ರೇಷ್ಮೆಹುಳು ಇದೇ ಕುಟುಂಬಕ್ಕೆ ಸೇರಿದೆ. ಮಂಗಳೂರು ಹಾಗೂ ಸುತ್ತಲಿನ ಕರಾವಳಿಯಲ್ಲಿ ಮನೆಯ ಗೋಡೆಗಳ ಮೇಲೆ ಆಗಾಗ ಕಾಣಿಸಿಕೊಳ್ಳುವ ದೊಡ್ಡ ಪತಂಗವನ್ನು ಸಾಮಾನ್ಯವಾಗಿ 'ಅಟ್ಲಾಸ್ ಪತಂಗ' ಎಂದು ಕರೆಯಲಾಗುತ್ತದೆ. ಅದಕ್ಕೆ ಸಲ್ಲಬೇಕಾದ ವೈಜ್ಞಾನಿಕ ಹೆಸರು ಯಾವುದು ಎಂಬ ವಿಷಯದಲ್ಲಿ ಬರಹಗಳಲ್ಲಿ ಏಕರೂಪತೆ ಇಲ್ಲ.

ವಿವರಣೆ

ರೆಕ್ಕೆಗಳು ಕೆಂಪು ಮಿಶ್ರಿತ ಕಂದು ಬಣ್ಣದವು. ಪ್ರತಿ ರೆಕ್ಕೆಯ ಮೇಲೂ ಪಾರದರ್ಶಕವಾದ, ಬಹುಮಟ್ಟಿಗೆ ತ್ರಿಕೋನಾಕಾರದ ಮಚ್ಚೆ ಇರುತ್ತದೆ. ಮುಂದಿನ ರೆಕ್ಕೆಯ ತುದಿ ಹಾವಿನ ಹೆಡೆಯನ್ನು ಹೋಲುತ್ತದೆ. ಗಂಡು ಪತಂಗದ ಮೀಸೆಗಳು ಗರಿಯಂತೆ ಅಗಲವಾಗಿದ್ದು, ಹೆಣ್ಣು ಹೊರಸೂಸುವ ವಾಸನೆಯನ್ನು ದೂರದಿಂದಲೇ ಗ್ರಹಿಸುತ್ತವೆ. ಪ್ರೌಢ ಪತಂಗಕ್ಕೆ ಕಾರ್ಯನಿರ್ವಹಿಸುವ ಬಾಯಿಯ ಅಂಗಗಳಿಲ್ಲ. ಕಂಬಳಿಹುಳುವಿನ ಹಂತದಲ್ಲಿ ಸಂಗ್ರಹಿಸಿದ ಕೊಬ್ಬಿನ ಬಲದಿಂದ ಅದು ಕೆಲವೇ ದಿನ ಬದುಕಿ, ಸಂತಾನೋತ್ಪತ್ತಿಯ ನಂತರ ಸಾಯುತ್ತದೆ. ಕಂಬಳಿಹುಳುಗಳು ದಾಲ್ಚಿನ್ನಿ ಮೊದಲಾದ ಗಿಡಗಳ ಎಲೆಗಳನ್ನು ತಿನ್ನುತ್ತವೆ.

ವರ್ಗೀಕರಣ

ಕಾರ್ಲ್ ಲಿನೇಯಸ್ 1758ರಲ್ಲಿ ಅಟ್ಲಾಸ್ ಪತಂಗಕ್ಕೆ ಹೆಸರಿಟ್ಟನು. 1880ರ ದಶಕದಲ್ಲಿ ಫ್ರೆಡೆರಿಕ್ ಮೂರ್ ಶ್ರೀಲಂಕಾದ ಪತಂಗವನ್ನು ಪ್ರತ್ಯೇಕವಾಗಿ ವರ್ಣಿಸಿ, ಆ ದ್ವೀಪದ ಪ್ರಾಚೀನ ಗ್ರೀಕ್ ಹೆಸರಾದ 'ಟ್ಯಾಪ್ರೊಬಾನೆ'ಯಿಂದ ಈ ಹೆಸರನ್ನು ರೂಪಿಸಿದನು. ಅನಂತರದ ಬರಹಗಳಲ್ಲಿ ಇದನ್ನು ಅಟ್ಟಾಕಸ್ ಅಟ್ಲಾಸ್‌ನ ಉಪಪ್ರಭೇದವೆಂದೂ ಪರಿಗಣಿಸಲಾಯಿತು. ಅಟ್ಟಾಕಸ್ ಕುಲವನ್ನು ಕುರಿತ 1989ರ ಪರಿಷ್ಕರಣ ಗ್ರಂಥದಲ್ಲಿ ರಿಚರ್ಡ್ ಪೀಗ್ಲರ್ ಇದನ್ನು ಸ್ವತಂತ್ರ ಪ್ರಭೇದವೆಂದು ಪರಿಗಣಿಸಿದರು. ಆದರೂ ದಕ್ಷಿಣ ಭಾರತದ ಪತಂಗಗಳನ್ನು ಅಟ್ಟಾಕಸ್ ಅಟ್ಲಾಸ್ ಎಂದೇ ದಾಖಲಿಸುವ ರೂಢಿ ಮುಂದುವರಿದಿದೆ.

ಈ ಗೊಂದಲಕ್ಕೆ ಕಾರಣ ಎರಡರ ನಡುವಿನ ಹೋಲಿಕೆ. ರೆಕ್ಕೆಯ ಬಣ್ಣ ಮತ್ತು ಗಾತ್ರ ಒಂದೇ ಪ್ರಭೇದದೊಳಗೂ ಬದಲಾಗುವುದರಿಂದ ಛಾಯಾಚಿತ್ರವೊಂದರಿಂದಲೇ ನಿರ್ಣಯಿಸುವುದು ಕಷ್ಟ. ಸಿಕ್ಕ ಸ್ಥಳವನ್ನು ಮಾತ್ರ ಆಧರಿಸಿ ಹೆಸರಿಟ್ಟರೆ, ಆ ದಾಖಲೆಯನ್ನು ಪ್ರಭೇದದ ವ್ಯಾಪ್ತಿಗೆ ಪುರಾವೆಯಾಗಿ ಬಳಸಲು ಬರುವುದಿಲ್ಲ. ಆದ್ದರಿಂದ ಜನನಾಂಗಗಳ ರಚನೆ ಹಾಗೂ ಡಿಎನ್‌ಎ ಹೋಲಿಕೆ ಅಗತ್ಯವಾಗುತ್ತವೆ.

ಮಹತ್ವ

ಅಟ್ಟಾಕಸ್ ಅಟ್ಲಾಸ್ ಆಗ್ನೇಯ ಏಷ್ಯಾದವರೆಗೂ ಹರಡಿರುವ ಪತಂಗ. ದಕ್ಷಿಣ ಭಾರತದ ಪತಂಗವನ್ನು ಅದರೊಂದಿಗೆ ಸೇರಿಸಿದರೆ, ಇಲ್ಲಿ ಅದರ ಸಂಖ್ಯೆ ಕುಸಿದರೂ ಒಟ್ಟು ಪ್ರಭೇದಕ್ಕೆ ಅಪಾಯವಿಲ್ಲವೆಂದು ತೋರಬಹುದು. ಸ್ವತಂತ್ರ ಪ್ರಭೇದವೆಂದು ಪರಿಗಣಿಸಿದರೆ ಅದರ ನೆಲೆ ಇವೆರಡು ಪ್ರದೇಶಗಳಿಗೆ ಸೀಮಿತವಾಗುತ್ತದೆ. ಆಗ ಪಶ್ಚಿಮ ಘಟ್ಟ ಹಾಗೂ ಕರಾವಳಿಯ ಕಾಡುಗಳ ನಾಶವು ಇಡೀ ಪ್ರಭೇದದ ಉಳಿವಿನ ಪ್ರಶ್ನೆಯಾಗುತ್ತದೆ.