ಪಟ್ಟವನ್ನು ಬಿಟ್ಟುಕೊಟ್ಟ ವಿಜ್ಞಾನಿ

ಶ್ರೀಕಾರ್ಯಂನಿಂದ ಉಳ್ಳೂರಿನ ಮಾರ್ಗವಾಗಿ ಮೆಡಿಕಲ್ ಕಾಲೇಜಿಗೆ ಹೋಗುವ ಸಂತಾನಾಪೇಕ್ಷಿ ದಂಪತಿಗಳು ನಮ್ಮವರ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತ ಪ್ರನಾಳ ಶಿಶುವಿನ ಮಾತಾಡುವುದನ್ನು ವಾಚಕರು ಕೇಳಿರಬಹುದು. ತಾಯಿಯ ಅಂಡವನ್ನು ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ವೀರ್ಯಾಣುವಿನೊಡನೆ ಕೂಡಿಸಿ, ಭ್ರೂಣವಾದ ಮೇಲೆ ಗರ್ಭಾಶಯದಲ್ಲಿರಿಸುವ ವಿದ್ಯೆಯಿದು. ಭಾರತದಲ್ಲಿ ಇದನ್ನು ನೆಲೆಗೊಳಿಸಿದವರಲ್ಲಿ ಅಗ್ರಗಣ್ಯರು, ಬೆಂಗಳೂರಿನಲ್ಲಿ ನೆಲೆಸಿ 2010ರಲ್ಲಿ ದಿವಂಗತರಾದ ಡಾ. ಟಿ. ಸಿ. ಆನಂದಕುಮಾರ್ ಅವರು.

ಮುಂಬಯಿಯ ಸಂತಾನೋತ್ಪತ್ತಿ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿದ್ದಾಗ ಅವರು ಡಾ. ಇಂದಿರಾ ಹಿಂದೂಜಾ ಅವರೊಡನೆ ನಡೆಸಿದ ಪ್ರಯತ್ನದ ಫಲವಾಗಿ, 1986ರ ಆಗಸ್ಟ್ 6ರಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ಹೆಣ್ಣುಮಗುವೊಂದು ಜನಿಸಿತು. ಭಾರತದ ಪ್ರಪ್ರಥಮ ಪ್ರನಾಳ ಶಿಶುವೆಂದು ಪತ್ರಿಕೆಗಳೆಲ್ಲ ಕೊಂಡಾಡಿದವು.

ಆದರೆ ಅದಕ್ಕೆ ಎಂಟು ವರ್ಷ ಮೊದಲೇ, 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯೋಗದಿಂದ ‘ದುರ್ಗಾ’ ಜನಿಸಿದ್ದಳು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಜನಿಸಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಮುಖೋಪಾಧ್ಯಾಯರು ಭ್ರೂಣವನ್ನು ಅತಿಶೈತ್ಯದಲ್ಲಿ ಕಾದಿರಿಸಿ, ಅನಂತರ ಗರ್ಭಾಶಯಕ್ಕೆ ಸೇರಿಸಿದ್ದರು. ಅಂತಹ ಶೀತಲೀಕೃತ ಭ್ರೂಣದಿಂದ ಆಸ್ಟ್ರೇಲಿಯದಲ್ಲಿ ಶಿಶು ಜನಿಸಿದ್ದು 1984ರಲ್ಲಿ! ಲೋಕಾಪವಾದಕ್ಕೆ ಅಂಜಿದ ಮಗುವಿನ ಮನೆಯವರು ಮುಂದೆ ಬರಲಿಲ್ಲ. ಸರಕಾರವು ನೇಮಿಸಿದ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ಜಪಾನಿನ ವಿದ್ವತ್ಸಭೆಗೆ ಹೋಗಲು ಅನುಮತಿಯೂ ದೊರೆಯಲಿಲ್ಲ. ಕೊನೆಗೆ ಕಣ್ಣಿನ ವೈದ್ಯಸಂಸ್ಥೆಗೆ ವರ್ಗವಾಯಿತು. ವರ್ಗದ ಆಜ್ಞೆಯ ನೋವನ್ನು ನಮ್ಮ ಗುಮಾಸ್ತ ಬಂಧುಗಳಿಗೆ ಹೇಳಬೇಕಾದುದಿಲ್ಲ. 1981ರ ಜೂನ್ 19ರಂದು ಆ ಮಹನೀಯರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

1997ರಲ್ಲಿ ಕಲ್ಕತ್ತೆಗೆ ಹೋದ ಆನಂದಕುಮಾರ್ ಅವರ ಕೈಗೆ ಮುಖೋಪಾಧ್ಯಾಯರ ಟಿಪ್ಪಣಿಗಳು ಬಂದವು. ಹೋಟೆಲಿನ ಬೋರ್ಡಿನಲ್ಲಿ ಬರೆಸಿದ ಸ್ಥಾಪನೆಯ ವರುಷವನ್ನು ನೆರೆಯವನಿಗಾಗಿ ಅಳಿಸಿದ ಮಾಲೀಕನನ್ನು ನಾವಂತೂ ಇನ್ನೂ ಕಂಡಿಲ್ಲ. ಅವರಾದರೋ ಆ ಕಾಗದಗಳನ್ನು ಓದಿ, ಪರಿಶೀಲಿಸಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದೇ ವರ್ಷ ಲೇಖನ ಬರೆದರು: ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ತಾವಲ್ಲ, ಮುಖೋಪಾಧ್ಯಾಯರೆಂದು. ಯಾರೂ ಅವರನ್ನು ಬಲವಂತಪಡಿಸಿರಲಿಲ್ಲ. ಮೃತರಾದವರು ಬಂದು ಕೇಳುವಂತೆಯೂ ಇರಲಿಲ್ಲ.

2003ರಲ್ಲಿ, ತನ್ನ 25ನೆಯ ಹುಟ್ಟುಹಬ್ಬದಂದು, ದುರ್ಗಾ ಮುಖೋಪಾಧ್ಯಾಯರ ಸ್ಮರಣೆಯ ಸಭೆಯಲ್ಲಿ ಎದ್ದುನಿಂತು, ಆ ಮಗು ತಾನೇ ಎಂದು ಬಹಿರಂಗವಾಗಿ ಹೇಳಿದಳು.