ಬಂಡೆಯೂ ಟ್ರ್ಯಾಪ್, ಬಲೆಯೂ ಟ್ರ್ಯಾಪ್

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೊರಟರೆ ಇಕ್ಕೆಲಗಳಲ್ಲೂ ಎರೆ ಭೂಮಿ. ಅದರಡಿಯ ಕಪ್ಪು ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಡೆಕ್ಕನ್ ಟ್ರ್ಯಾಪ್. ಅದೇ ಭೂಮಿಯ ತೊಗರಿ ಸಾಲಿನಲ್ಲಿ ಕೋಲಿಗೆ ಕಟ್ಟಿದ ಪಾಲಿಥಿನ್ ಚೀಲವೂ ಟ್ರ್ಯಾಪ್. ಲಂಚಕೋರರನ್ನು ಲೋಕಾಯುಕ್ತ ಪೊಲೀಸರು ಹಿಡಿಯುವುದೂ ಟ್ರ್ಯಾಪ್. ಬಚ್ಚಲಲ್ಲಿ ನಹಾನಿ ಟ್ರ್ಯಾಪ್ ಬೇರೆ. ನಿಘಂಟು ಕೊಡುವ ‘ಬಲೆ’ ಎಂಬ ಅರ್ಥವನ್ನೇ ಎಲ್ಲ ಕಡೆ ಹಚ್ಚಿದರೆ ವಿದ್ಯಾರ್ಥಿ ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ.

ಬಂಡೆಯ ಟ್ರ್ಯಾಪ್ ಏನನ್ನೂ ಹಿಡಿಯುವುದಿಲ್ಲ. ಸ್ವೀಡಿಷ್ ಭಾಷೆಯಲ್ಲಿ ‘ಟ್ರಾಪ್ಪಾ’ ಎಂದರೆ ಮೆಟ್ಟಿಲು. ಭೂವಿಜ್ಞಾನದ ಪದ ಬಂದಿದ್ದು ಅಲ್ಲಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ, ಹರಡಿ, ಆರಿ, ಅದರ ಮೇಲೆ ಮತ್ತೆ ಉಕ್ಕಿತು. ಹೀಗೆ ಪದರದ ಮೇಲೆ ಪದರ ಕೂತ ಕಪ್ಪು ಶಿಲೆ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ವ್ಯಾಪಿಸಿದೆ. ಪ್ರತಿ ಪದರದ ಗಟ್ಟಿ ಭಾಗ ಮಳೆಗಾಳಿಗೆ ಜಗ್ಗುವುದಿಲ್ಲ, ಗುಳ್ಳೆಗುಳ್ಳೆಯಾದ ಮೆದು ಭಾಗ ಬೇಗ ಸವೆಯುತ್ತದೆ. ಅದಕ್ಕೇ ಗುಡ್ಡಗಳ ಮೈ ಮೆಟ್ಟಿಲಾಗಿ ನಿಲ್ಲುತ್ತದೆ. ಪಶ್ಚಿಮ ಘಟ್ಟದ ಕಡೆ ಬಹಳ ದಪ್ಪವಿರುವ ಈ ಹಾಸು ಕಲಬುರಗಿ ಸೀಮೆಗೆ ಬರುವಷ್ಟರಲ್ಲಿ ತೆಳ್ಳಗಾಗಿ, ದಕ್ಷಿಣಕ್ಕೆ ಮುಗಿದೇಹೋಗುತ್ತದೆ. ಅಲ್ಲಿ ಅದಕ್ಕಿಂತ ಎಷ್ಟೋ ಹಳೆಯ ಸುಣ್ಣಕಲ್ಲು ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿ ಫರಸಿ ಅದೇ.

ನಹಾನಿ ಟ್ರ್ಯಾಪಿನಲ್ಲಿ ಸಿಕ್ಕಿಬೀಳುವುದು ನೀರು. ಕೊಳವೆಯ ಬಾಗಿನಲ್ಲಿ ನಿಂತ ನೀರು ಚರಂಡಿಯ ಗಾಳಿ ಒಳಗೆ ಬರದಂತೆ ಬೀಗ ಹಾಕುತ್ತದೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದ ಶೌಚಾಲಯದಲ್ಲೂ ಇದೇ ಉಪಾಯವಿತ್ತು. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಬೀಗ ಹಾಕಿದ ಮನೆಯಲ್ಲಿ ಈ ನೀರು ಆರಿಹೋಗುತ್ತದೆ. ಊರಿಂದ ಬಂದಾಗ ನಾತ ಹೊಡೆದರೆ ಒಂದು ಚೆಂಬು ನೀರು ಸುರಿಯಿರಿ.

ಲೋಕಾಯುಕ್ತರ ಟ್ರ್ಯಾಪಿನ ಜೀವಾಳ ರಸಾಯನಶಾಸ್ತ್ರ. ನೋಟುಗಳಿಗೆ ಮೊದಲೇ ಫಿನಾಲ್ಫ್ಥಲೀನ್ ಎಂಬ ಬಿಳಿ ಪುಡಿ ಸವರಿರುತ್ತಾರೆ. ಮುಟ್ಟಿದವರ ಬೆರಳಿಗೆ ಕಣ್ಣಿಗೆ ಕಾಣದಷ್ಟು ಅಂಟಿದರೂ ಸಾಕು. ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ಬಣ್ಣವಿಲ್ಲದ ನೀರು ಗುಲಾಬಿಯಾಗುತ್ತದೆ. ಕ್ಷಾರದಲ್ಲಿ ಆ ಅಣುವಿನ ರಚನೆ ಬದಲಾಗಿ ಹಸಿರು ಬೆಳಕನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಕಾಸ್ಟಿಕ್ ಸೋಡಾದಂಥ ತೀವ್ರ ಕ್ಷಾರವಾದರೆ ಗುಲಾಬಿ ಮತ್ತೆ ಮಾಸುತ್ತದೆ. ಕೈ ಅದ್ದಿಸಿದ ಗುಲಾಬಿ ನೀರನ್ನು ಬಾಟಲಿಗೆ ತುಂಬಿ, ಮೊಹರು ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಈ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ತೊಗರಿ ಹೊಲದ ಟ್ರ್ಯಾಪ್. ಕಮಲಾಪುರದ ಕೆಂಪು ಬಾಳೆಗೆ ಇರುವಂತೆ ಗುಲ್ಬರ್ಗಾ ತೊಗರಿಗೂ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಅದರ ದೊಡ್ಡ ವೈರಿ ಹೆಲಿಕೋವರ್ಪಾ ಎಂಬ ಕಾಯಿಕೊರಕ. ತಲೆಯನ್ನು ಕಾಯಿಯೊಳಗೆ ತೂರಿಸಿ, ಅರ್ಧ ಮೈಯನ್ನು ಹೊರಗೇ ಬಿಟ್ಟು ಕಾಳು ತಿನ್ನುತ್ತದೆ. ಇಲ್ಲಿನ ರೈತರು ಗಿಡ ಅಲುಗಾಡಿಸಿ, ಕೆಳಗೆ ಹಾಸಿದ ಬಟ್ಟೆಗೆ ಹುಳು ಉದುರಿಸಿ ಕೊಲ್ಲುತ್ತಿದ್ದರು. ಈ ಹಳೆಯ ಪದ್ಧತಿಯನ್ನು ವಿಜ್ಞಾನಿಗಳೂ ಒಪ್ಪಿ ದಾಖಲಿಸಿದ್ದಾರೆ. ಕೋಲಿಗೆ ಕಟ್ಟಿದ ಚೀಲದ ಟ್ರ್ಯಾಪ್, ಅಂದರೆ ಮೋಹಕ ಬಲೆ, ಹುಳು ಹುಟ್ಟುವ ಮೊದಲೇ ಸುಳಿವು ಕೊಡುತ್ತದೆ. ಹೆಣ್ಣು ಪತಂಗ ಗಂಡನ್ನು ಕರೆಯಲು ಹೊರಸೂಸುವ ವಾಸನೆಯನ್ನು ಕೃತಕವಾಗಿ ತಯಾರಿಸಿ ರಬ್ಬರ್ ಗುಂಡಿಯೊಂದಕ್ಕೆ ಹೀರಿಸಿ ಮುಚ್ಚಳದಡಿ ತೂಗುಹಾಕಿರುತ್ತಾರೆ. ಅರಸಿ ಬಂದ ಗಂಡು ಆಲಿಕೆಯಲ್ಲಿ ಜಾರಿ ಚೀಲಕ್ಕೆ ಬೀಳುತ್ತದೆ.

ಆದರೆ ಇದನ್ನು ಹುಳು ಕೊಲ್ಲುವ ಸಾಧನವೆಂದು ನಂಬಿ ಕೂರಬಾರದು. ಮೊಟ್ಟೆಯಿಡುವ ಹೆಣ್ಣು ಇದರಲ್ಲಿ ಬೀಳುವುದಿಲ್ಲ. ಉಳಿದ ಕೆಲವೇ ಗಂಡುಗಳು ಹಲವು ಹೆಣ್ಣುಗಳನ್ನು ಕೂಡಬಲ್ಲವು. ತೊಗರಿ ಹೂ ಬಿಡುವ ಹೊತ್ತಿಗೆ ಚೀಲದ ಪತಂಗಗಳ ಸಂಖ್ಯೆ ಏರಿತೆಂದರೆ ಕೆಲವೇ ದಿನಗಳಲ್ಲಿ ಮರಿಹುಳು ಹೊರಬರುತ್ತದೆ ಎಂದರ್ಥ. ಬಲೆ ಕಟ್ಟಿದ ರೈತರು ದಿನವೂ ಪತಂಗ ಎಣಿಸಿ ಬರೆದಿಡಲಿ, ರೈತ ಸಂಪರ್ಕ ಕೇಂದ್ರದಲ್ಲಿ ಆ ಲೆಕ್ಕ ತೋರಿಸಿಯೇ ಔಷಧಿ ಸಿಂಪಡಣೆಯ ದಿನ ಗೊತ್ತುಮಾಡಿಕೊಳ್ಳಲಿ.