ಉಪ್ಪುನೀರಿನ ಪುಟ್ಟ ತೊಟ್ಟಿಗೆ ಎಂತಹ ಮೀನು?

80 ಲೀಟರಿನ ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕಹೊರಟವರು ಬಣ್ಣಕ್ಕಿಂತ ಮೊದಲು ನೀರಿನ ಗುಣವನ್ನು ನೋಡತಕ್ಕದ್ದು. ಭೌತಶಾಸ್ತ್ರದ ಅಧ್ಯಾಪಕನ ಮಾತೆಂದು ತಳ್ಳಿಹಾಕಬೇಡಿರಿ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಲೀಟರು ಸಿಹಿನೀರು 8 ಮಿಲಿಗ್ರಾಮಿಗೂ ತುಸು ಹೆಚ್ಚು ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಕಡಲ ನೀರು 7ಕ್ಕಿಂತಲೂ ಕಡಮೆ. ಸಿಹಿನೀರಿನ ಲೆಕ್ಕದಲ್ಲಿ ಮೀನು ತುಂಬಿದರೆ ಅವಕ್ಕೆ ಉಸಿರು ಸಾಲದು.

ನೀರು ಆವಿಯಾದರೂ ಉಪ್ಪು ಉಳಿಯುವುದು. 8 ಲೀಟರು ಆರಿದರೆ ಲೀಟರಿಗೆ 35 ಗ್ರಾಮಿದ್ದ ಉಪ್ಪು 39ರ ಸಮೀಪಕ್ಕೇರುವುದು. ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು.

ಅಂಗಡಿಯಲ್ಲಿ ಬೆರಳುದ್ದವಿರುವ ನೀಲಿ ಟ್ಯಾಂಗ್ ಬೆಳೆದರೆ ಒಂದಡಿಯಾಗಬಲ್ಲದು, ಅದು ಬೇಡ. ಗೇಣುದ್ದವೂ ಬೆಳೆಯದ ಕ್ಲೌನ್‌ಮೀನಿನ ಜೋಡಿಯೊಂದು ಸಾಕು; ಅದೂ ಹವಳದ ದಿಬ್ಬದಿಂದ ಹಿಡಿದು ತಂದುದಲ್ಲ, ತೊಟ್ಟಿಯಲ್ಲಿಯೇ ಹುಟ್ಟಿದುದು. ಮರಿಗಳನ್ನು ತಂದರೆ ಗಂಡು ಹೆಣ್ಣೆಂದು ಆರಿಸುವ ಗೋಜಿಲ್ಲ: ದೊಡ್ಡದು ತಾನಾಗಿಯೇ ಹೆಣ್ಣಾಗುವುದು.